ಶುಶ್ರೂಷೆಯನ್ನು ವರಿಸಿದ ಕನ್ಯೆ

‘ಶುಶ್ರೂಷಾ’ ಎಂಬ ಶಬ್ದವು ‘ಶ್ರು’ ಎಂಬ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಕೇಳುವುದು ಎಂದರ್ಥ. ಅದಕ್ಕೆ ಇಚ್ಛೆಯನ್ನು ಸೂಚಿಸುವ ‘ಸನ್’ ಪ್ರತ್ಯಯವು ಸೇರಲು, ಕೇಳಬೇಕೆಂಬ ಬಯಕೆ ಎಂಬ ಅರ್ಥವುಂಟಾಗುತ್ತದೆ. ಗುರುವಿನ ವಾಕ್ಯವನ್ನು ಕೇಳಬಯಸಿದ ಶಿಷ್ಯನು ಗುರುವಿನ ಸೇವೆಯಲ್ಲಿಯೂ ನಿಲ್ಲುತ್ತಿದ್ದುದರಿಂದ ಶಬ್ದವು ಮೆಲ್ಲಮೆಲ್ಲನೆ ಸೇವೆಯೆಂಬ ಅರ್ಥಕ್ಕೆ ತಿರುಗಿತು. ಅಲ್ಲಿಂದ ಮುಂದೆ ರೋಗಿಯ ಆರೈಕೆಗೂ ಅದೇ ಹೆಸರು ನಿಂತಿತು. ಹಾಸಿಗೆ ಹಿಡಿದವನ ನರಳಿಕೆಯನ್ನು ಲೋಕದವರು ಕೇಳಿಯೂ ಕೇಳದವರಂತೆ ಇರುವರು. ಅದನ್ನು ಕೇಳಬೇಕೆಂದೇ ಬಯಸುವ ಮನಸ್ಸು ವಿರಳವಾದುದು.

ಆಯುರ್ವೇದದ ಆಚಾರ್ಯರು ಈ ಮನಸ್ಸಿನ ಬೆಲೆಯನ್ನು ಬಲ್ಲವರಾಗಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ವೈದ್ಯನೊಬ್ಬನು, ಔಷಧವೊಂದು, ಪರಿಚಾರಕನೊಬ್ಬನು, ರೋಗಿಯೊಬ್ಬನು. ಪರಿಚಾರಕನಲ್ಲಿ ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರಬೇಕೆಂದೂ ಅಲ್ಲಿಯೇ ವಿಧಿಸಿದೆ. ನಾಲ್ಕು ಕಾಲುಗಳಲ್ಲಿ ಒಂದು ಮುರಿದರೂ ಮಂಚವು ನಿಲ್ಲದು. ಶಾಸ್ತ್ರವು ಹೀಗೆ ಪರಿಚಾರಕನನ್ನು ವೈದ್ಯನ ಪಂಕ್ತಿಯಲ್ಲಿಯೇ ಕುಳ್ಳಿರಿಸಿದರೂ ಲೋಕವು ಹಾಗೆ ಕುಳ್ಳಿರಿಸಲಿಲ್ಲ. ಮಲಮೂತ್ರಗಳನ್ನು ತೆಗೆಯುವ ಕೈಯನ್ನು ಎಲ್ಲ ದೇಶಗಳಲ್ಲಿಯೂ ಕೀಳೆಂದೇ ಎಣಿಸಿದರು. ಕುಲೀನರ ಮಗಳೊಬ್ಬಳು ಆ ಕೈಗೆಲಸವನ್ನು ತಾನಾಗಿ ಬಯಸಿ, ಅದಕ್ಕಾಗಿ ಹದಿನಾರು ವರ್ಷ ಹೆಣಗಿ, ದೊರೆತಂದು ಹಿಗ್ಗಿದಳೆಂದರೆ ಅಂಥ ವೃತ್ತಾಂತವು ತಿಳಿಯತಕ್ಕುದೇ ಸರಿ. ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದವರು ಇಂದು ಕಡಿಮೆ. ಆದರೆ ದೀಪ ಹಿಡಿದು ಸೈನಿಕರ ನಡುವೆ ನಡೆದವಳೆಂಬ ಚಿತ್ರವೊಂದೇ ಜನರ ಮನಸ್ಸಿನಲ್ಲಿ ನಿಂತು, ಆ ದೀಪವನ್ನು ಹಿಡಿಯುವ ಮುನ್ನ ಆಕೆ ಮನೆಯೊಳಗೆ ಕಳೆದ ಕತ್ತಲೆಯ ದಿನಗಳು ಮರೆಯಾಗಿವೆ.

ಆ ಕಾಲದ ಇಂಗ್ಲೆಂಡಿನಲ್ಲಿ ದಾದಿಯೆಂದರೆ ಏನು ಭಾವನೆಯಿತ್ತೆಂಬುದನ್ನು ಮೊದಲು ತಿಳಿಯಬೇಕು. ಬೇರಾವ ಕೆಲಸವೂ ದೊರೆಯದೆ ಆಸ್ಪತ್ರೆಗೆ ಬಂದವಳು, ಕುಡುಕಿ, ನಡತೆಗೆಟ್ಟವಳು ಎಂಬುದೇ ಲೋಕದ ಎಣಿಕೆ. ಚಾರ್ಲ್ಸ್ ಡಿಕನ್ಸನು 1843-44ರಲ್ಲಿ ಬರೆದ ‘ಮಾರ್ಟಿನ್ ಚಸಲ್‌ವಿಟ್’ ಎಂಬ ಕಾದಂಬರಿಯಲ್ಲಿ ಸೇರಿ ಗ್ಯಾಂಪ್ ಎಂಬ ದಾದಿಯನ್ನು ಚಿತ್ರಿಸಿ ಓದುಗರನ್ನು ನಗಿಸಿದನು. ಕೈಯಲ್ಲಿ ಹಳೆಯ ಛತ್ರಿ, ಬಾಯಲ್ಲಿ ಮದ್ಯದ ವಾಸನೆ. ರೋಗಿಯ ಸುಖಕ್ಕಿಂತ ತನ್ನ ಸುಖವೇ ಅವಳಿಗೆ ದೊಡ್ಡದು. ದಾದಿಯರೆಲ್ಲರೂ ಹೀಗಿದ್ದರೆಂದು ಹೇಳುವುದು ಅನ್ಯಾಯ. ಅನುಭವವೂ ಮರುಕವೂ ಉಳ್ಳ ಬಡ ಹೆಂಗಸರು ಆಸ್ಪತ್ರೆಗಳಲ್ಲಿ ಆಗಲೂ ಇದ್ದರು. ಆದರೆ ಹೆಸರು ಕೆಟ್ಟುಹೋಗಿತ್ತು; ಕೆಟ್ಟ ಹೆಸರಿನ ವೃತ್ತಿಗೆ ಮನೆಯ ಮಗಳನ್ನು ಕಳುಹಿಸುವವರಾರು?

ಫ್ಲಾರೆನ್ಸಳು ಹುಟ್ಟಿದುದು 1820ನೆಯ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆತಾಯಿಗಳು ಪ್ರವಾಸದಲ್ಲಿದ್ದಾಗ ಹುಟ್ಟಿದ ಮಗುವಿಗೆ ಊರಿನ ಹೆಸರನ್ನೇ ಇಟ್ಟರು. ಅದಕ್ಕೆ ಒಂದು ವರ್ಷ ಮೊದಲು ನೇಪಲ್ಸಿನಲ್ಲಿ ಹುಟ್ಟಿದ ಅಕ್ಕನಿಗೆ ಆ ನಗರದ ಪ್ರಾಚೀನ ಗ್ರೀಕ್ ಹೆಸರಾದ ಪಾರ್ಥೆನೋಪೆ ಎಂಬುದೇ ಹೆಸರಾಯಿತು. ತಂದೆ ವಿಲಿಯಂ ನೈಟಿಂಗೇಲನು ಆಸ್ತಿವಂತ, ವಿದ್ಯಾಪ್ರಿಯ. ಡರ್ಬಿಶೈರಿನಲ್ಲಿ ಲೀ ಹರ್ಸ್ಟ್, ಹ್ಯಾಂಪ್‌ಷೈರಿನಲ್ಲಿ ಎಂಬ್ಲಿ ಎಂಬ ಎರಡು ಮನೆಗಳು. ಬೇಸಗೆಗೊಂದು, ಉಳಿದ ಕಾಲಕ್ಕೊಂದು. ಆತನು ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ತಾನೇ ಕುಳಿತು ಕಲಿಸಿದನು. ಕಲಿಸುವುದೇನೋ ಕಲಿಸಿದನು, ಕಲಿತ ಮೇಲೆ ಮಗಳು ಮಾಡತಕ್ಕುದೇನೆಂಬುದನ್ನು ಯೋಚಿಸಿರಲಿಲ್ಲ. ಮಕ್ಕಳಿಗೆ ವಿದ್ಯೆಯನ್ನು ಕೊಟ್ಟು ಅದರ ಫಲವನ್ನು ಕಂಡು ಗಾಬರಿಗೊಳ್ಳುವ ತಂದೆಗಳು ಇತರ ದೇಶಗಳಲ್ಲಿಯೂ ಇಲ್ಲದಿಲ್ಲ.

1837ನೆಯ ಫೆಬ್ರವರಿ 7ರಂದು, ಹದಿನೇಳು ಇನ್ನೂ ತುಂಬದಿರುವಾಗ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆ ಬರೆದಿಟ್ಟುಕೊಂಡಳು. ಯಾವ ಸೇವೆಯೆಂಬುದು ಆ ಕರೆಯಲ್ಲಿ ಸ್ಪಷ್ಟವಾಗಿರಲಿಲ್ಲ. ಹಳ್ಳಿಯ ಬಡವರ ಗುಡಿಸಲುಗಳಲ್ಲಿ ರೋಗಿಗಳ ಬಳಿ ಕುಳಿತು ಕುಳಿತು ಅದರ ಅರ್ಥವು ಆಕೆಗೆ ತಾನಾಗಿ ಹೊಳೆಯಿತು. 1844ರಲ್ಲಿ ಅಮೆರಿಕದ ಪರೋಪಕಾರಿ ವೈದ್ಯನಾದ ಸ್ಯಾಮುಯೆಲ್ ಹೋ ಎಂಬವನು ಹೆಂಡತಿಯೊಡನೆ ಎಂಬ್ಲಿಗೆ ಅತಿಥಿಯಾಗಿ ಬಂದನು. ಇಂಗ್ಲೆಂಡಿನ ತರುಣಿಯೊಬ್ಬಳು ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆಗಾಗಿ ತನ್ನನ್ನು ಒಪ್ಪಿಸಿಕೊಂಡರೆ ಅದು ಭಯಂಕರವಾದ ಕಾರ್ಯವೇ ಎಂದು ಆಕೆ ಅವನನ್ನು ಕೇಳಿದಳು. ಆ ದೇಶದಲ್ಲಿ ಅದು ರೂಢಿಯಲ್ಲಿಲ್ಲದ ಕಾರ್ಯವೆಂಬುದನ್ನು ಆತನು ಮರೆಮಾಚಲಿಲ್ಲ. ಆದರೂ ಮನಸ್ಸಿಗೆ ಒಪ್ಪಿದ ದಾರಿಯಲ್ಲಿ ನಡೆಯಬೇಕೆಂದು ಧೈರ್ಯ ಹೇಳಿದನು. ಮನೆಯ ಹಿರಿಯರನ್ನು ಕೇಳಲಾಗದ ಪ್ರಶ್ನೆಯನ್ನು ಪರದೇಶದ ಅತಿಥಿಯನ್ನು ಕೇಳಬೇಕಾಗಿ ಬಂದುದು ಗಮನಾರ್ಹ.

ಮರುವರ್ಷ ಆಕೆ ಒಂದು ಉಪಾಯವನ್ನು ಹೂಡಿದಳು. ಎಂಬ್ಲಿಗೆ ಕೆಲವೇ ಮೈಲಿಗಳ ದೂರದಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆ. ಅಲ್ಲಿಯ ಹಿರಿಯ ವೈದ್ಯನಾದ ಡಾಕ್ಟರ್ ಫೌಲರನು ಕುಟುಂಬದ ಸ್ನೇಹಿತ. ಅಲ್ಲಿ ಮೂರು ತಿಂಗಳಿದ್ದು ಶುಶ್ರೂಷೆಯನ್ನು ಕಲಿಯುವೆನೆಂದು ಆಕೆ ಬಾಯಿಬಿಟ್ಟು ಹೇಳಿದ ಕ್ಷಣದಲ್ಲಿಯೇ ಮನೆಯಲ್ಲಿ ಕೋಲಾಹಲವೆದ್ದಿತು. ತಾಯಿ ಹೌಹಾರಿದಳು, ಅಕ್ಕ ಅತ್ತಳು, ತಂದೆ ಬೇಸತ್ತು ಲಂಡನ್ನಿಗೆ ಹೊರಟುಹೋದನು. ಅಡುಗೆಮನೆಯ ಆಳಾಗುವೆನೆಂದಿದ್ದರೂ ಇಷ್ಟೇ ಗದ್ದಲವಾಗುತ್ತಿತ್ತೆಂದು ಆಕೆ ಆಮೇಲೆ ನೆನೆದುಕೊಂಡಳು. ಅಂದಿನಿಂದ ಆಕೆಯ ವಿದ್ಯಾಭ್ಯಾಸವು ಗುಪ್ತವಾಯಿತು. ಬೆಳಗಾಗುವ ಮುನ್ನ ಎದ್ದು, ಶಾಲನ್ನು ಹೊದ್ದು, ಮೇಣದ ಬತ್ತಿಯ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನೂ ಸರಕಾರದ ಆರೋಗ್ಯ ಪತ್ರಗಳನ್ನೂ ಓದಿ ಟಿಪ್ಪಣಿಯ ಪುಸ್ತಕಗಳನ್ನು ತುಂಬಿಸಿದಳು. ಉಪಾಹಾರದ ಗಂಟೆ ಬಾರಿಸಲು ಕೆಳಗಿಳಿದು ಬಂದು ಎಲ್ಲರಂತೆ ಮನೆಯ ಮಗಳಾಗಿ ಕುಳಿತುಕೊಳ್ಳುವಳು. ಮುಂದೆ ಮಂತ್ರಿಗಳನ್ನೂ ಸೇನಾವೈದ್ಯರನ್ನೂ ಬೆರಗುಗೊಳಿಸಿದ ಆಕೆಯ ಪಾಂಡಿತ್ಯವು ಈ ಕದ್ದ ಘಳಿಗೆಗಳಲ್ಲಿ ಸಂಪಾದಿಸಿದುದು.

ವಿವಾಹದ ಮಾತೂ ಬಂದಿತು. ರಿಚರ್ಡ್ ಮಂಕ್ಟನ್ ಮಿಲ್ನ್ಸ್ ಎಂಬವನು ಕವಿ, ಪಾರ್ಲಿಮೆಂಟಿನ ಸದಸ್ಯ, ದಯಾಳು. ಬಹುಕಾಲದಿಂದ ಆಕೆಯನ್ನು ಬಯಸಿ ಕಾದಿದ್ದವನು. ಆಕೆಗೂ ಆತನಲ್ಲಿ ಪ್ರೀತಿಯಿತ್ತು. ಆದರೂ 1849ರಲ್ಲಿ ಒಲ್ಲೆನೆಂದಳು. ಆತನ ಜೊತೆಯಲ್ಲಿ ತನ್ನ ಬುದ್ಧಿಗೂ ಹೃದಯಕ್ಕೂ ತೃಪ್ತಿಯುಂಟಾಗುವುದೆಂಬುದನ್ನು ಒಪ್ಪಿಕೊಂಡಳು. ಆದರೆ ಕರ್ಮವನ್ನು ಬೇಡುವ ತನ್ನ ಮೂರನೆಯ ಸ್ವಭಾವಕ್ಕೆ ಆ ಸಂಸಾರದಲ್ಲಿ ಅನ್ನವಿಲ್ಲವೆಂದು ಲೆಕ್ಕ ಹಾಕಿದಳು. ಪುರಾಣಗಳ ರಾಜಕನ್ಯೆಯರು ಸ್ವಯಂವರ ಮಂಟಪದಲ್ಲಿ ಮಾಲೆ ಹಿಡಿದು ನಿಂತಾಗ ಅವರ ಮುಂದೆ ರಾಜಕುಮಾರರ ಸಾಲು ಮಾತ್ರವಿರುತ್ತಿತ್ತು. ಈ ಕನ್ಯೆಯ ಮಾಲೆಯು ಆ ಸಾಲನ್ನು ದಾಟಿ ಹೋಗಿ ಬೇರೊಂದರ ಕೊರಳಿಗೆ ಬಿದ್ದಿತು. ತಾಯಿಗಾದ ದುಃಖವು ಅಷ್ಟಿಷ್ಟಲ್ಲ.

ಜರ್ಮನಿಯಲ್ಲಿ ರೈನ್ ನದಿಯ ತೀರದಲ್ಲಿ ಕೈಸರ್ಸ್‌ವರ್ತ್ ಎಂಬ ಸಣ್ಣ ಊರು. ಥಿಯೋಡೋರ್ ಫ್ಲೀಡ್ನರ್ ಎಂಬ ಪಾದ್ರಿಯು 1836ರಲ್ಲಿ ಅಲ್ಲಿ ಸೇವಿಕೆಯರ ಸಂಸ್ಥೆಯೊಂದನ್ನು ಸ್ಥಾಪಿಸಿದ್ದನು. ಆಸ್ಪತ್ರೆ, ಅನಾಥಾಲಯ, ಶಿಶುಗಳ ಶಾಲೆ, ಸೆರೆಯಿಂದ ಬಿಡುಗಡೆ ಹೊಂದಿದ ಹೆಂಗಸರ ಆಶ್ರಯ, ಇವೆಲ್ಲವೂ ಒಂದೇ ಆವರಣದಲ್ಲಿ. ಅಲ್ಲಿ ಒಳ್ಳೆಯ ನಡತೆಯ ಹೆಂಗಸರೇ ರೋಗಿಗಳ ಸೇವೆ ಮಾಡುವರೆಂಬ ಸಂಗತಿ ಫ್ಲಾರೆನ್ಸಳಿಗೆ ಸ್ನೇಹಿತರಿಂದ ಬಂದ ವಾರ್ಷಿಕ ವರದಿಗಳಿಂದ ತಿಳಿದಿತ್ತು. ಮನೆಯವರಿಗೂ ಧರ್ಮಸಂಸ್ಥೆಯೆಂಬ ನೆವವನ್ನು ಹೇಳಬಹುದಾದ ಸ್ಥಳವದು. 1850ರಲ್ಲಿ ಈಜಿಪ್ಟ್ ಗ್ರೀಸ್ ದೇಶಗಳ ಪ್ರವಾಸದಿಂದ ಹಿಂದಿರುಗುವಾಗ ಎರಡು ವಾರ ಅಲ್ಲಿದ್ದು ನೋಡಿದಳು. ಮನೆಗೆ ಬಂದ ಮೇಲೆ ಅದರ ದಂಡವಾಗಿ ಆರು ತಿಂಗಳ ಕಾಲ ಅಕ್ಕನ ಇಷ್ಟದಂತೆಯೇ ನಡೆಯಬೇಕಾಯಿತು.

1851ರಲ್ಲಿ ಕಡೆಗೂ ಅನುಮತಿ ದೊರೆಯಿತು; ಆದರೆ ಎಂಥ ಅನುಮತಿ! ತಾಯಿಯೂ ಅಕ್ಕನೂ ಆರೋಗ್ಯಕ್ಕಾಗಿ ಕಾರ್ಲ್ಸ್‌ಬಾಡಿನ ಬುಗ್ಗೆಗಳಿಗೆ ಹೋಗತಕ್ಕವರು. ಫ್ಲಾರೆನ್ಸಳೂ ಅವರೊಡನೆ ಹೊರಟು, ಅಲ್ಲಿಂದ ಕೈಸರ್ಸ್‌ವರ್ತಿಗೆ ಹೋಗಬಹುದು. ಬಂಧುಮಿತ್ರರಿಗೆ ಮಾತ್ರ ಸಂಗತಿ ತಿಳಿಯಕೂಡದು. ಹೊರಡುವ ಮುನ್ನ, ಧರಿಸಿಕೊಳ್ಳೆಂದು ತಾನು ಕೊಟ್ಟ ಬಳೆಗಳನ್ನು ಅಕ್ಕನು ತನ್ನ ಮುಖದ ಮೇಲೆಯೇ ಎಸೆದಳೆಂದೂ ಆಗ ನಡೆದ ರಂಪದಲ್ಲಿ ತಾನು ಮೂರ್ಛೆ ಹೋದೆನೆಂದೂ ಆಕೆ ಬರೆದಿಟ್ಟಿದ್ದಾಳೆ.

ಕೈಸರ್ಸ್‌ವರ್ತಿನ ಬಾಳಿನಲ್ಲಿ ಸುಖವೆನ್ನತಕ್ಕುದು ಏನೂ ಇರಲಿಲ್ಲ. ಐದು ಗಂಟೆಗೆ ಏಳಬೇಕು. ದಿನಕ್ಕೆ ನಾಲ್ಕು ಬಾರಿ ಊಟವೆಂಬುದೇನೋ ಉಂಟು, ಒಂದೊಂದಕ್ಕೆ ಹತ್ತು ನಿಮಿಷ. ರೈ ಎಂಬ ಧಾನ್ಯವನ್ನು ಪುಡಿಮಾಡಿ ಕುದಿಸಿದ ಪಾನೀಯ ಎರಡು ಸಲ, ತೆಳ್ಳನೆಯ ಸಾರು ಎರಡು ಸಲ, ಅದರ ಜೊತೆಗೆ ರೊಟ್ಟಿ, ತರಕಾರಿ. ಅನಾಥಾಲಯದಲ್ಲಿ ವಾಸ. ರೋಗಿಗಳ ಹುಣ್ಣುಗಳನ್ನು ತೊಳೆಯುವುದು, ಶಸ್ತ್ರಚಿಕಿತ್ಸೆ ನಡೆಯುವಾಗ ಬಳಿಯಲ್ಲಿ ನಿಲ್ಲುವುದು, ಸಾಯುವವರ ಹತ್ತಿರ ರಾತ್ರಿ ಕುಳಿತಿರುವುದು. ಜೊತೆಯ ಸೇವಿಕೆಯರು ಬಹುಮಟ್ಟಿಗೆ ರೈತರ ಮಕ್ಕಳು. ಎರಡು ಮನೆಗಳ ಸಿರಿಯಲ್ಲಿ ಬೆಳೆದವಳು, ಐದು ಭಾಷೆಗಳನ್ನು ಬಲ್ಲವಳು, ಇವರ ನಡುವೆ ಕುಳಿತು ಸಾರು ಕುಡಿಯುತ್ತ ತಾಯಿಗೆ ಪತ್ರ ಬರೆದಳು: ಬದುಕುವುದೆಂದರೇನು, ಬದುಕನ್ನು ಪ್ರೀತಿಸುವುದೆಂದರೇನು ಎಂಬುದು ತನಗೆ ಈಗ ತಿಳಿಯಿತೆಂದು, ಬೇರೆ ಭೂಮಿಯೂ ಬೇರೆ ಪ್ರಪಂಚವೂ ತನಗೆ ಬೇಡವೆಂದು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಸಾವನ್ನು ಬಯಸಿ ದಿನಚರಿ ಬರೆದ ಕೈಯೇ ಇದನ್ನೂ ಬರೆದುದು. ವಯಸ್ಸು ಮೂವತ್ತೊಂದು.

ಅಲ್ಲಿ ಆಕೆ ಕಲಿತ ವಿದ್ಯೆ ಎಷ್ಟು ಎಂದು ಕೇಳಿದರೆ ಉತ್ತರವು ವಿಚಿತ್ರವಾಗಿದೆ. ಕೈಸರ್ಸ್‌ವರ್ತಿನ ಶುಶ್ರೂಷೆಯು ಏನೇನೂ ಸಾಲದೆಂದೂ ಅಲ್ಲಿಯ ಶೌಚವು ಹೇಯವಾಗಿತ್ತೆಂದೂ ಮುಪ್ಪಿನಲ್ಲಿ ಆಕೆಯೇ ನಿರ್ದಾಕ್ಷಿಣ್ಯವಾಗಿ ಬರೆದಳು. ಆದರೆ ಅಲ್ಲಿಯವರ ಭಾವಶುದ್ಧಿಗೆ ಸಮನಾದುದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂಬುದನ್ನೂ ಅದರೊಡನೆಯೇ ಸೇರಿಸಿದಳು. ಮೂರು ತಿಂಗಳ ತರುವಾಯ ಮನೆಯವರನ್ನು ಕೂಡಿಕೊಂಡಾಗ, ಅಪರಾಧ ಮಾಡಿ ಬಂದವಳಂತೆ ಅವರು ತನ್ನನ್ನು ನೋಡಿದರೆಂದು ಆಕೆ ಹೇಳಿಕೊಂಡಿದ್ದಾಳೆ. ಹೃದಯದ ಹಿಗ್ಗನ್ನು ಹೇಳಿಕೊಳ್ಳಲು ಮನೆಯೊಳಗೆ ಒಬ್ಬರೂ ಇಲ್ಲದಿರುವುದು ದುಃಖವನ್ನು ಹೇಳಿಕೊಳ್ಳಲು ಯಾರೂ ಇಲ್ಲದಿರುವುದಕ್ಕಿಂತ ಕಠಿನವಾದುದು.

1853ರ ಆಗಸ್ಟಿನಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿದ್ದ, ಕಾಯಿಲೆಯ ಕುಲೀನ ಸ್ತ್ರೀಯರ ಆರೈಕೆಯ ಮನೆಯೊಂದಕ್ಕೆ ಆಕೆ ಮೇಲ್ವಿಚಾರಕಿಯಾದಳು. ಸಂಬಳವಿಲ್ಲ. ತಂದೆಯು ಮನೆಯ ಪ್ರತಿಭಟನೆಯನ್ನು ಮೀರಿ ವರ್ಷಕ್ಕೆ 500 ಪೌಂಡುಗಳನ್ನು ಗೊತ್ತುಮಾಡಿಕೊಟ್ಟನು. ಮೌನವಾಗಿದ್ದ ಆ ತಂದೆಯ ಒಪ್ಪಿಗೆಯು ಹೀಗೆ ಹಣದ ರೂಪದಲ್ಲಿ ಬಂದಿತೆನ್ನಬಹುದು. ಆಕೆ ಮಾಡಿದ ಮೊದಲ ಏರ್ಪಾಡುಗಳಲ್ಲಿ ಒಂದು ಗಂಟೆಯದು. ರೋಗಿಯು ತನ್ನ ಹಾಸಿಗೆಯಿಂದಲೇ ಗಂಟೆಯನ್ನು ಬಾರಿಸಬೇಕು. ಯಾರ ಗಂಟೆಯೆಂಬುದು ಹೊರಗಿರುವ ದಾದಿಗೆ ಕೂಡಲೇ ತಿಳಿಯಬೇಕು. ‘ಶುಶ್ರೂಷಾ’ ಶಬ್ದದ ವ್ಯುತ್ಪತ್ತಿಯನ್ನು ಆಕೆ ಬಲ್ಲವಳಲ್ಲ. ಪ್ರತಿಯೊಂದು ಅಂತಸ್ತಿಗೂ ಬಿಸಿನೀರಿನ ಕೊಳವೆ, ಅಡುಗೆಮನೆಯಿಂದ ಊಟವನ್ನು ಮೇಲಕ್ಕೆತ್ತುವ ಯಂತ್ರ, ಇವೂ ಬಂದವು. ಇಂಗ್ಲೆಂಡಿನ ಚರ್ಚಿಗೆ ಸೇರಿದವರಿಗಷ್ಟೇ ಪ್ರವೇಶವೆಂದು ಸಮಿತಿಯವರು ಹಟ ಹಿಡಿದಾಗ, ಹಾಗಾದರೆ ತಾನು ಅಲ್ಲಿರುವುದಿಲ್ಲವೆಂದು ಹೇಳಿ ಎಲ್ಲ ಮತದವರಿಗೂ ಬಾಗಿಲನ್ನು ತೆರೆಯಿಸಿದಳು.

ಮುಂದಿನದು ಬಹುಜನರು ಬಲ್ಲ ಕಥೆ. 1854ರಲ್ಲಿ ಕ್ರಿಮಿಯದ ಯುದ್ಧವು ನಡೆಯುತ್ತಿರಲು, ಗಾಯಾಳುಗಳಿಗೆ ಆರೈಕೆಯಿಲ್ಲವೆಂಬ ಸುದ್ದಿಯನ್ನು ‘ಟೈಮ್ಸ್’ ಪತ್ರಿಕೆಯು ಪ್ರಕಟಿಸಿತು. ಯುದ್ಧಖಾತೆಯ ಸಚಿವನೂ ಸ್ನೇಹಿತನೂ ಆದ ಸಿಡ್ನಿ ಹರ್ಬರ್ಟನು ಆಕೆಗೆ ಪತ್ರ ಬರೆದನು. ಆಕೆಯೂ ಹೋಗಲು ಸಿದ್ಧಳೆಂದು ಅದಕ್ಕೆ ಮೊದಲೇ ಬರೆದಿದ್ದಳು. ಎರಡು ಪತ್ರಗಳೂ ದಾರಿಯಲ್ಲಿ ಒಂದನ್ನೊಂದು ದಾಟಿದವು. ಅಕ್ಟೋಬರ್ 21ರಂದು 38 ಮಂದಿ ಹೆಂಗಸರೊಡನೆ ಲಂಡನ್ನಿನಿಂದ ಹೊರಟು ನವೆಂಬರ್ 4ರಂದು ಸ್ಕುಟಾರಿಯನ್ನು ಮುಟ್ಟಿದಳು. ಈ ಬಾರಿ ತಾಯಿಯೂ ಅಕ್ಕನೂ ಅಡ್ಡಬರಲಿಲ್ಲ. ಸಿದ್ಧತೆಗೆ ನೆರವಾಗಲು ತಾವೇ ಲಂಡನ್ನಿಗೆ ಧಾವಿಸಿದರು. ಅಥೆನ್ಸಿನಲ್ಲಿ ಹುಡುಗರ ಕೈಯಿಂದ ಬಿಡಿಸಿ ತಂದು ಸಾಕಿದ್ದ ಗೂಬೆಯ ಮರಿಯು ಈ ಗಡಿಬಿಡಿಯಲ್ಲಿ ಅಟ್ಟದ ಮೇಲೆ ಉಳಿದು ಸತ್ತುಹೋಯಿತು. ಹೊರಡುವ ಮುನ್ನ ಆಕೆ ಅದನ್ನು ಕೈಯಲ್ಲಿ ತೆಗೆದುಕೊಂಡು ಕಣ್ಣೀರಿಟ್ಟಳೆಂದು ಹೇಳುತ್ತಾರೆ.

ಸ್ಕುಟಾರಿಯಲ್ಲಿ ಆಕೆಯ ಮಹತ್ತ್ವವು ಮರುಕಕ್ಕಿಂತ ಹೆಚ್ಚಾಗಿ ತಾಳ್ಮೆಯಲ್ಲಿತ್ತು. ವೈದ್ಯರು ದಾದಿಯರನ್ನು ಬೇಡವೆಂದರು. ಆಕೆ ವಾದಿಸಲಿಲ್ಲ, ಅವರು ಕರೆಯುವವರೆಗೆ ದಾದಿಯರನ್ನು ದಿಂಬು ಹೊಲಿಯುತ್ತ ಕುಳ್ಳಿರಿಸಿದಳು. ಕೆಲವು ದಿನಗಳಲ್ಲಿಯೇ ಗಾಯಾಳುಗಳೂ ರೋಗಿಗಳೂ ಹಡಗು ಹಡಗಾಗಿ ಬಂದು ಬೀಳಲು ವೈದ್ಯರು ಕರೆದರು. ಆದರೆ ಆಕೆ ಕಾಲಿಟ್ಟೊಡನೆ ಮರಣವು ಓಡಿತೆಂಬ ಮಾತು ನಿಜವಲ್ಲ. 1855ರ ಫೆಬ್ರವರಿಯಲ್ಲಿ ಅಲ್ಲಿಯ ರೋಗಿಗಳಲ್ಲಿ ನೂರಕ್ಕೆ 42 ಮಂದಿ ಸಾಯುತ್ತಿದ್ದರು. ಮಾರ್ಚಿಯಲ್ಲಿ ನೈರ್ಮಲ್ಯದ ನಿಯೋಗವು ಬಂದು, ಕಟ್ಟಡದ ಕೆಳಗಿನ ಚರಂಡಿಗಳನ್ನು ತೊಳೆಯಿಸಿ, ನೀರಿನ ಕಾಲುವೆಯನ್ನು ಶುದ್ಧಗೊಳಿಸಿದ ಮೇಲೆಯೇ ಆ ಸಂಖ್ಯೆಯು ವೇಗವಾಗಿ ಇಳಿದು ಜೂನಿನ ವೇಳೆಗೆ ನೂರಕ್ಕೆ ಎರಡಾಯಿತು. ಯುದ್ಧದ ತರುವಾಯ ಅಂಕಿಗಳನ್ನು ಪರಿಶೀಲಿಸಿ ಆಕೆಯೇ ಈ ಸತ್ಯವನ್ನು ಒಪ್ಪಿಕೊಂಡಳು, ಚಿತ್ರರೂಪದ ನಕ್ಷೆಗಳಿಂದ ಲೋಕಕ್ಕೂ ತೋರಿಸಿದಳು. ಅನುರಾಗವಿದ್ದು ಶೌಚವಿಲ್ಲದಿದ್ದರೆ ರೋಗಿಯು ಬದುಕನೆಂಬುದು ಚರಕನ ಗುಣಗಳ ಎಣಿಕೆಯಲ್ಲಿಯೂ ಅಡಗಿದೆ.

ಇದೇ ಯುದ್ಧಭೂಮಿಗೆ ಮತ್ತೊಬ್ಬಳೂ ಬಂದಿದ್ದಳು. ಜಮೈಕದ ಕಿಂಗ್‌ಸ್ಟನ್ನಿನಲ್ಲಿ 1805ರಲ್ಲಿ ಹುಟ್ಟಿದ ಮೇರಿ ಸೀಕೋಲ್ ಎಂಬ ಈಕೆಯ ತಂದೆ ಸ್ಕಾಟ್ಲೆಂಡಿನ ಸೈನಿಕ. ತಾಯಿ ನಾಡಮದ್ದು ಬಲ್ಲ ಕಪ್ಪು ವರ್ಣದವಳು. ಚಿಕ್ಕಂದಿನಲ್ಲಿ ಬೊಂಬೆಗೂ ಬೆಕ್ಕುನಾಯಿಗಳಿಗೂ ಔಷಧವಿಕ್ಕಿ ಆಡಿದವಳು; ಕಾಲರಾ ಬಂದ ಊರುಗಳಲ್ಲಿ ಕೈ ಪಳಗಿಸಿಕೊಂಡವಳು. ಲಂಡನ್ನಿಗೆ ಬಂದು ತನ್ನನ್ನೂ ದಾದಿಯಾಗಿ ಕಳುಹಿಸಬೇಕೆಂದು ಕೇಳಲು, ಬಾಗಿಲು ಬಾಗಿಲಿನಲ್ಲಿಯೂ ಇಲ್ಲವೆಂದರು. ತನ್ನ ಮೈಬಣ್ಣವೇ ಕಾರಣವಿರಬಹುದೇ ಎಂದು ಬೀದಿಯಲ್ಲಿ ನಿಂತು ಅತ್ತ ಸಂಗತಿಯನ್ನು 1857ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತಿಳಿಸಿದ್ದಾಳೆ. ಆಮೇಲೆ ತನ್ನ ಹಣದಿಂದಲೇ ಹೋಗಿ, ಬಾಲಕ್ಲಾವದ ಬಳಿ ಊಟದ ಮನೆಯೊಂದನ್ನು ಇಟ್ಟು, ಸೈನಿಕರಿಗೆ ಔಷಧ ಕೊಟ್ಟಳು. ಫ್ಲಾರೆನ್ಸಳಿಗೆ ತಡೆಯಾದುದು ಮನೆಯ ಹೊಸ್ತಿಲು. ಈಕೆಗೆ ರಾಜ್ಯದ ಹೊಸ್ತಿಲು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲಿ ಈಕೆಯ ಪ್ರತಿಮೆಯು 2016ರಲ್ಲಿ ನಿಂತಿತು.

ಅದೇ ಆಸ್ಪತ್ರೆಯಲ್ಲಿಯೇ 1860ರ ಬೇಸಗೆಯಲ್ಲಿ ನೈಟಿಂಗೇಲ್ ಶಾಲೆಯು ಆರಂಭವಾಗಿದ್ದಿತು. ಮೊದಲ ತಂಡದಲ್ಲಿ 15 ಮಂದಿ ಶಿಷ್ಯೆಯರು. ಕಂದು ಬಣ್ಣದ ಉಡುಪು, ಬಿಳಿಯ ಮುಂಗವಚ, ಬಿಳಿಯ ಟೋಪಿ. ಒಂದು ವರ್ಷದ ಶಿಕ್ಷಣ. ಊಟ, ವಸತಿ, ಉಡುಪುಗಳ ಮೇಲೆ ವರ್ಷಕ್ಕೆ 10 ಪೌಂಡುಗಳ ವೇತನ. ಪ್ರತಿಯೊಬ್ಬಳ ಗುಣಗಳನ್ನೂ ಕೌಶಲವನ್ನೂ ಮುಖ್ಯಸ್ಥೆಯಾದ ವಾರ್ಡ್ರೋಪರಳು ತಿಂಗಳಿಗೊಮ್ಮೆ ಪಟ್ಟಿಯಲ್ಲಿ ಬರೆದಿಡುವಳು: ವೇಳೆಯ ಪಾಲನೆ, ಶಾಂತತೆ, ನಂಬಿಕೆಗೆ ಯೋಗ್ಯತೆ, ಮೈಬಟ್ಟೆಗಳ ಶುದ್ಧಿ ಇತ್ಯಾದಿ. ಆರಂಭದಲ್ಲಿ ಎಲ್ಲವೂ ಸರಿಯಾಗಿ ನಡೆಯಲಿಲ್ಲ. ಕೆಲವರು ಬಿಟ್ಟುಹೋದರು, ಕೆಲವರನ್ನು ಕಳುಹಿಸಿಬಿಡಬೇಕಾಯಿತು. ಆದರೂ ಕಾರ್ಲ್ಸ್‌ಬಾಡಿನ ನೆವವಿಲ್ಲದೆ, ಹೆಸರನ್ನು ಮುಚ್ಚಿಡದೆ, ಒಳ್ಳೆಯ ಮನೆತನದ ಹೆಣ್ಣು ಸೇರಬಹುದಾದ ಬಾಗಿಲೊಂದು ತೆರೆಯಿತು. ಐರ್ಲೆಂಡಿನ ಆಗ್ನೆಸ್ ಜೋನ್ಸಳು ಅದರೊಳಗೆ ಬಂದು ಕಲಿತು, 1865ರಲ್ಲಿ ಲಿವರ್‌ಪೂಲಿನ ಬಡವರ ಆಸ್ಪತ್ರೆಗೆ ಹನ್ನೆರಡು ಮಂದಿ ದಾದಿಯರೊಡನೆ ಹೋಗಿ, ಮೂರೇ ವರ್ಷಗಳಲ್ಲಿ ವಿಷಮಜ್ವರಕ್ಕೆ ತುತ್ತಾದಳು. ಆಕೆಯ ಕುರಿತು ಫ್ಲಾರೆನ್ಸಳು ಬರೆದ ಲೇಖನದಲ್ಲಿ ಶೋಕಕ್ಕಿಂತ ಆಹ್ವಾನವೇ ಹೆಚ್ಚು. ಆ ಸ್ಥಾನವನ್ನು ತುಂಬಲು ತರುಣಿಯರು ಮುಂದೆ ಬರಲೆಂದು ಕರೆದಳು.

ಭಾರತದಲ್ಲಿ ಈ ವೃತ್ತಿಯವರು 1908ರಲ್ಲಿ ತಮ್ಮ ಸಂಘವನ್ನು ಕಟ್ಟಿಕೊಂಡರು. 1947ರ ಶಾಸನದಿಂದ ಅವರ ಶಿಕ್ಷಣಕ್ಕೆ ಅಖಿಲ ಭಾರತದ ಪರಿಷತ್ತೊಂದು ಏರ್ಪಟ್ಟಿತು. ಕನ್ನಡನಾಡಿನ ಅನೇಕ ಮನೆಗಳಿಂದ ಇಂದು ಹೆಣ್ಣುಮಕ್ಕಳು ಮಾತ್ರವಲ್ಲ, ಗಂಡುಮಕ್ಕಳೂ ಇದನ್ನು ಕಲಿಯಲು ಹೋಗುತ್ತಾರೆ. ಹಾಗೆ ಹೊರಟ ಮಗುವಿನ ತಾಯಿಯ ಮನಸ್ಸನ್ನು ಬಲ್ಲವರು, ಲಂಡನ್ನಿನ ಶಾಲೆಗೆ ಮೂಲವಾದ ಹಣವು ಸೇರಿದ ಬಗೆಯನ್ನೂ ಅಂದಿನ ರಾತ್ರಿಯ ಒಂದು ಪತ್ರವನ್ನೂ ತಿಳಿದಿರಬೇಕು.

1855ನೆಯ ನವೆಂಬರ್ 29. ಫ್ಲಾರೆನ್ಸಳು ಇನ್ನೂ ಯುದ್ಧದ ಆಸ್ಪತ್ರೆಯಲ್ಲಿಯೇ ಇದ್ದಳು. ಆಕೆಯ ಗೌರವಾರ್ಥವಾಗಿ ನಿಧಿಯನ್ನು ಕೂಡಿಸಲು ಲಂಡನ್ನಿನಲ್ಲಿ ಮಹಾಸಭೆಯೊಂದು ನೆರೆಯಿತು. ಆ ನಿಧಿಗೆ ಮುಂದೆ 44,000 ಪೌಂಡುಗಳಿಗಿಂತ ಹೆಚ್ಚು ಹಣ ಬಂದಿತು. ಅದರಲ್ಲಿ ಸುಮಾರು 9,000 ಪೌಂಡುಗಳು ಸೈನ್ಯದವರು ಕೊಟ್ಟುದು. ತಾಯಿಯೂ ಅಕ್ಕನೂ ಸಭೆಗೆ ಹೋಗದೆ ಬಿಡಾರದಲ್ಲಿಯೇ ಕುಳಿತು, ಹಿಂದಿರುಗಿದವರ ಬಾಯಿಂದ ಎಲ್ಲವನ್ನೂ ಕೇಳಿದರು. ಹತ್ತು ವರ್ಷಗಳ ಹಿಂದೆ ಸಾಲ್ಸ್‌ಬರಿಯ ಮಾತಿಗೆ ಹೌಹಾರಿದ ಆ ತಾಯಿಯು, ರಾತ್ರಿ ಬಹಳವಾಗಿದ್ದರೂ ಮಲಗಲಾರದೆ, ಮಗಳಿಗೆ ಪತ್ರ ಬರೆಯಲು ಕುಳಿತಳು. ಸಭೆಯು ವೈಭವದಿಂದ ನಡೆಯಿತೆಂದೂ, ಇಂಥದು ಹಿಂದೆಂದೂ ಆದುದಿಲ್ಲವೆಂದೂ, ನಿನ್ನ ಮೇಲ್ಪಂಕ್ತಿಯಿಂದ ಮುಂದಿನ ಕಾಲದ ಅನೇಕ ತಾಯಂದಿರ ಹೃದಯಗಳಿಗೂ ಇಂಥ ಸಂತೋಷವು ದೊರೆಯಲೆಂದೂ ಬರೆದಳು. ಆ ಪತ್ರವು ಸಮುದ್ರವನ್ನು ದಾಟಿ ಮಗಳನ್ನು ಸೇರಿತು. ತನಗೆ ಬಂದ ಕೀರ್ತಿಯಿಂದ ತನ್ನ ಕೆಲಸಕ್ಕೇನೂ ಉಪಕಾರವಾಗಿಲ್ಲವೆಂದೂ, ಆದರೆ ಅದರಿಂದ ನಿಮಗೆ ಸಂತೋಷವಾಗಿದ್ದರೆ ತನಗೆ ಅಷ್ಟೇ ಸಾಕೆಂದೂ ಮಗಳು ಉತ್ತರ ಕೊಟ್ಟಳು.